ಹುಟ್ಟುಗುಣ ಮತ್ತು ಐಸೆಂಕ್ ಸಾಹೇಬರ ಪ್ರಶ್ನಾವಳಿ

'ಹುಟ್ಟುಗುಣ ಸುಟ್ಟರೂ ಹೋಗಲ್ಲ' ಎಂಬ ಗಾದೆಯನ್ನು ನಾವು ಮೊದಲು ಕೇಳಿದ್ದು ಅವ್ವನ ಬಾಯಲ್ಲಲ್ಲ, ಇಸ್ಕೂಲಿನಲ್ಲಿ. ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೇರಿಯ ಹುಡುಗನೊಬ್ಬ ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡೊಂದನ್ನು ಜೇಬಿಗೆ ಹಾಕಿಕೊಂಡ. ಯಾಕೋ ತಗೊಂಡೆ ಅಂತ ಮೇಷ್ಟ್ರು ಕೇಳಲಿಲ್ಲ. ಗಾದೆ ಹೇಳಿ ಕೆಲಸ ಮುಗಿಸಿದರು. ಅದೇ ವಾರ ಊರೊಳಗಿನ ದೊಡ್ಡಮನೆಯ ಹುಡುಗ ಡಬ್ಬಿಯನ್ನೇ ಎತ್ತಿಕೊಂಡು ಹೋದಾಗ 'ಇವನಿಗೆ ಹುಡುಗಾಟ ಜಾಸ್ತಿ ನೋಡು' ಅಂದು ನಕ್ಕರು. ಕೆಲಸ ಒಂದೇ. ಒಬ್ಬನಲ್ಲಿ ಅದು ರಕ್ತದ್ದಾಯಿತು, ಇನ್ನೊಬ್ಬನಲ್ಲಿ ವಯಸ್ಸಿನದಾಯಿತು.

ಆಮೇಲೆ ಡಿಗ್ರಿಗೆ ಬಂದೆವು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ದಾಟದ ಹೊಸ್ತಿಲು ಅದು. ಮನೋವಿಜ್ಞಾನವನ್ನು ಐಚ್ಛಿಕವಾಗಿ ತಗೊಂಡಿದ್ದೆವು. ಪುಸ್ತಕದಲ್ಲಿ ಒಂದು ದುಂಡನೆಯ ಚಿತ್ರ. ಅಡ್ಡಗೆರೆಯ ಒಂದು ತುದಿಗೆ ಅಂತರ್ಮುಖಿ, ಇನ್ನೊಂದಕ್ಕೆ ಬಹಿರ್ಮುಖಿ. ಉದ್ದಗೆರೆಯ ತುದಿಗಳಲ್ಲಿ ಸ್ಥಿರ, ಅಸ್ಥಿರ. ನಡುವೆ ಆದ ನಾಲ್ಕು ಮನೆಗಳಲ್ಲಿ ಗ್ರೀಕ್ ವೈದ್ಯರ ಕಾಲದ ನಾಲ್ಕು ಸ್ವಭಾವಗಳು. ಕೆಳಗೆ ಹೆಸರು: ಹಾನ್ಸ್ ಐಸೆಂಕ್. ನಾಲ್ಕು ಮನೆ ಕಂಡರೆ ನಮ್ಮಂಥವರ ಕಣ್ಣು ಐದನೆಯವನು ಎಲ್ಲಿ ನಿಂತಿದ್ದಾನೆ ಅಂತ ಹುಡುಕುತ್ತೆ. ಅದು ಅಭ್ಯಾಸ. ಆಗ ಹುಡುಕಲಿಲ್ಲ, ಬಾಯಿಪಾಠ ಮಾಡಿ ಬರೆದೆವು, ಪಾಸಾದೆವು.

ಈಗ ಮತ್ತೆ ಅದನ್ನು ಕೈಗೆತ್ತಿಕೊಳ್ಳಲು ಕಾರಣವಿದೆ. ಬಿ.ಎಡ್. ಓದುತ್ತಿರುವ, ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ನಮ್ಮ ಗೆಳೆಯರು ಮಕ್ಕಳ ವ್ಯಕ್ತಿತ್ವ ಅಳೆಯುವ ಹಾಳೆಗಳನ್ನು ಹಿಡಿದು ತಿರುಗುತ್ತಿದ್ದಾರೆ. ಹಿಂದಿನ ಬೆಂಚಿನ ಹುಡುಗನ ಹೆಸರಿನ ಮುಂದೆ 'ಅಂತರ್ಮುಖಿ' ಅಂತ ಬರೆಯುತ್ತಾರೆ. ಅದು ಮಿದುಳಿನ ವಿಷಯ, ಜೈವಿಕ, ನಾವೇನು ಮಾಡೋಕಾಗುತ್ತೆ ಅನ್ನುತ್ತಾರೆ. ಹೀಗೆ ಹೇಳುವವರಲ್ಲಿ ನಮ್ಮ ಕೇರಿಯಿಂದ ಹೋದವರೂ ಇದ್ದಾರೆ ಎಂಬುದೇ ನಮ್ಮನ್ನು ಬರೆಯಲು ಕೂರಿಸಿದ್ದು.

ಬೈಯುವ ಮೊದಲು ಆ ಮನುಷ್ಯ ಏನು ಹೇಳಿದ್ದ ಅನ್ನೋದನ್ನು ನೆಟ್ಟಗೆ ಹೇಳಬೇಕು. ಐಸೆಂಕ್ ಹುಟ್ಟಿದ್ದು 1916ರಲ್ಲಿ ಬರ್ಲಿನ್ನಿನಲ್ಲಿ. ಹಿಟ್ಲರನ ಆಳ್ವಿಕೆಯನ್ನು ಒಪ್ಪದೆ 1934ರಲ್ಲಿ ಜರ್ಮನಿ ಬಿಟ್ಟು, ಲಂಡನ್ನಿನಲ್ಲಿ ನೆಲೆಯೂರಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದ್ದ ಸುಮಾರು 700 ಸೈನಿಕರ ವಿವರಗಳನ್ನು ಲೆಕ್ಕ ಹಾಕಿ 1947ರಲ್ಲಿ ಮೊದಲ ಪುಸ್ತಕ ತಂದರು. ಮನುಷ್ಯರ ನೂರಾರು ಗುಣಗಳನ್ನು ಗುಡ್ಡೆ ಹಾಕಿದರೆ ಕೊನೆಗೆ ಎರಡು ಅಳತೆಗೋಲು ಉಳಿಯುತ್ತವೆ ಎಂಬುದು ಅವರ ವಾದ. ಒಂದು ಒಳಮುಖ–ಹೊರಮುಖದ್ದು, ಇನ್ನೊಂದು ಭಾವದ ಏರುಪೇರಿನದು. 1967ರಲ್ಲಿ ಇದಕ್ಕೆ ಮಿದುಳಿನ ಬುನಾದಿ ಕೊಟ್ಟರು. ಮಿದುಳಿನ ಬುಡದಲ್ಲಿ ನರಗಳ ಒಂದು ಜಾಲವಿದೆ, ಅದು ಮೇಲಿನ ಮಿದುಳನ್ನು ಎಚ್ಚರವಾಗಿಡುತ್ತದೆ. ಅಂತರ್ಮುಖಿಯಲ್ಲಿ ಈ ಎಚ್ಚರ ಮೊದಲೇ ಜಾಸ್ತಿ, ಆದ್ದರಿಂದ ಅವನಿಗೆ ಗದ್ದಲ ಬೇಡ. ಬಹಿರ್ಮುಖಿಯಲ್ಲಿ ಕಡಿಮೆ, ಆದ್ದರಿಂದ ಅವನು ಜಾತ್ರೆ ಹುಡುಕಿಕೊಂಡು ಹೋಗುತ್ತಾನೆ. ಭಾವದ ಏರುಪೇರಿಗೆ ಮಿದುಳಿನ ಒಳಭಾಗದ ಇನ್ನೊಂದು ವ್ಯವಸ್ಥೆ ಕಾರಣ ಅಂದರು.

ಇದನ್ನು ಪರೀಕ್ಷಿಸಲು ಒಂದು ತಮಾಷೆಯ ಪ್ರಯೋಗವೂ ಇದೆ. ನಾಲಿಗೆ ಮೇಲೆ ನಾಲ್ಕು ಹನಿ ನಿಂಬೆರಸ ಬಿಟ್ಟು, ಬಾಯಲ್ಲಿ ಎಷ್ಟು ಜೊಲ್ಲು ಬಂತು ಅಂತ ತೂಗುವುದು. ಅಂತರ್ಮುಖಿಗೆ ಹೆಚ್ಚು ಬರಬೇಕು. ನಗಬೇಡಿ. ನಮ್ಮ ಜೋಯಿಸರು ಹಣೆಬರಹ ಅಂದಾಗ ಅದನ್ನು ತೂಗಿ ತೋರಿಸಿ ಅಂತ ಕೇಳುವ ಹಾದಿಯೇ ಇರಲಿಲ್ಲ. ಐಸೆಂಕ್ ತಮ್ಮ ಮಾತನ್ನು ತಕ್ಕಡಿಗೆ ಹಾಕಬಹುದಾದ ಮಾತಾಗಿ ಹೇಳಿದರು. ಆ ಮಟ್ಟಿಗೆ ಅವರು ವಿಜ್ಞಾನಿ, ಪುರೋಹಿತರಲ್ಲ. ಇದನ್ನು ಒಪ್ಪದೆ ಮುಂದೆ ಹೋಗುವುದು ಅಪ್ರಾಮಾಣಿಕ.

ತಕ್ಕಡಿ ಏನು ಹೇಳಿತು? ಪೂರಾ ಹೌದು ಅಂತಲೂ ಹೇಳಲಿಲ್ಲ, ಪೂರಾ ಇಲ್ಲ ಅಂತಲೂ ಹೇಳಲಿಲ್ಲ. ಸುಮ್ಮನೆ ಕೂತ ಮನುಷ್ಯನ ಮಿದುಳಿನ ಎಚ್ಚರದಲ್ಲಿ ಎರಡು ಬಗೆಯವರ ನಡುವೆ ಅವರು ಹೇಳಿದ ವ್ಯತ್ಯಾಸ ಎಲ್ಲ ಪ್ರಯೋಗಗಳಲ್ಲೂ ಸಿಗಲಿಲ್ಲ. ಶಬ್ದಕ್ಕೆ, ಹುಳಿಗೆ, ಬೆಳಕಿಗೆ ಮಿದುಳು ಹೇಗೆ ಮಿಡಿಯುತ್ತೆ ಅನ್ನೋದರಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು. ಅವರ ವಿಭಾಗದಲ್ಲೇ ಓದಿದ ಜೆಫ್ರಿ ಗ್ರೇ 1970ರ ಹೊತ್ತಿಗೆ ಮಾದರಿಯನ್ನೇ ತಿರುಗಿಸಿ ಇಟ್ಟರು. ಎಚ್ಚರ ಮುಖ್ಯವಲ್ಲ, ಶಿಕ್ಷೆಯ ಸೂಚನೆಗೂ ಬಹುಮಾನದ ಸೂಚನೆಗೂ ಒಬ್ಬೊಬ್ಬನ ಮಿದುಳು ಎಷ್ಟು ಬೇಗ ಬೆಚ್ಚುತ್ತೆ, ಎಷ್ಟು ಬೇಗ ಹಿಗ್ಗುತ್ತೆ ಅನ್ನೋದು ಮುಖ್ಯ ಅಂದರು. ಅವರ ಆಧಾರಗಳಲ್ಲಿ ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳು. ಇಲಿಗೆ ಶಾಕ್ ಕೊಟ್ಟವರು ಯಾರು, ಎಷ್ಟು ಸಲ ಕೊಟ್ಟರು ಅನ್ನೋದನ್ನು ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದು ದೊಡ್ಡವನಾದ ಮನುಷ್ಯ ಯಾಕೆ ಬೇಗ ಬೆಚ್ಚುತ್ತಾನೆ ಅನ್ನೋ ಪುಸ್ತಕವನ್ನು ಯಾರೂ ಇಟ್ಟಿಲ್ಲ.

ಇಲ್ಲಿ ನಮ್ಮ ಸಂಗಾತಿಗಳಿಗೂ ಒಂದು ಮಾತು. 'ಮಿದುಳು, ವಂಶವಾಹಿ ಎಲ್ಲ ಸುಳ್ಳು, ಸಮಾಜವೇ ಮನುಷ್ಯನನ್ನು ಮಾಡೋದು' ಅಂತ ಭಾಷಣ ಬಿಗಿಯುವವರು ನಮ್ಮಲ್ಲೂ ಇದ್ದಾರೆ. ಅವರು ಒಂದು ಸಲ ನಮ್ಮ ಅಜ್ಜಿಯನ್ನು ಕೇಳಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮುದ್ದೆ ತಿಂದ ಐದು ಮಕ್ಕಳಲ್ಲಿ ಒಬ್ಬ ತೊಟ್ಟಿಲಲ್ಲೇ ರಂಪ ಮಾಡುತ್ತಿದ್ದ, ಇನ್ನೊಬ್ಬ ಮಳೆ ಬಂದರೂ ಎದ್ದೇಳುತ್ತಿರಲಿಲ್ಲ. ಅಜ್ಜಿ ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲಳು. ಈ ವ್ಯತ್ಯಾಸವನ್ನು ನಾವು ಬಿಟ್ಟುಕೊಡಬಾರದು, ಯಾಕಂದರೆ ಅದು ನಮ್ಮದೇ ಆಸ್ತಿ. ನಮ್ಮ ಐವರೂ ಐದು ಥರ ಅನ್ನೋದನ್ನು ಒಪ್ಪದೆ, 'ಆ ಜನವೇ ಹಂಗೆ' ಅಂತ ಒಂದೇ ಮೂಟೆಯಲ್ಲಿ ಕಟ್ಟುವುದು ಜಾತಿ. ಜೀವವಿಜ್ಞಾನ ಏನನ್ನಾದರೂ ತೋರಿಸಿದ್ದರೆ ಅಣ್ಣನಿಗೂ ತಮ್ಮನಿಗೂ ನಡುವಿನ ವ್ಯತ್ಯಾಸವನ್ನು ತೋರಿಸಿದೆ. ಅದನ್ನು ಕೇರಿಗೂ ಊರಿಗೂ ನಡುವಿನ ವ್ಯತ್ಯಾಸವಾಗಿ ಓದುವುದು ಮೋಸ.

ಈಗ ಪ್ರಶ್ನಾವಳಿಗೆ ಬರೋಣ. ಮಿದುಳು, ಎಚ್ಚರ, ನರಜಾಲ ಅಂತ ಎಷ್ಟು ಮಾತಾಡಿದರೂ ಕೊನೆಗೆ ಮನುಷ್ಯನನ್ನು ಅಳೆಯುವುದು ಒಂದು ಹಾಳೆಯಿಂದ. ಐಸೆಂಕ್ ಮತ್ತು ಅವರ ಹೆಂಡತಿ ಸಿಬಿಲ್ 1975ರಲ್ಲಿ ತಂದ ಪ್ರಶ್ನಾವಳಿಯಲ್ಲಿ 90 ಪ್ರಶ್ನೆಗಳು, ಉತ್ತರ ಹೌದು ಅಥವಾ ಇಲ್ಲ. ಅದರಲ್ಲಿ ಮೂರನೆಯ ಅಳತೆಗೋಲನ್ನೂ ಸೇರಿಸಿದ್ದರು. ಅದರ ಇಂಗ್ಲಿಷ್ ಹೆಸರು ಸೈಕಾಟಿಸಿಸಂ. ಬಿರುಸು, ಕಲ್ಲೆದೆ, ಕಟ್ಟುಪಾಡು ಲೆಕ್ಕಿಸದಿರುವುದು ಇದರ ಲಕ್ಷಣ. ಗಂಡಸರ ಹಾರ್ಮೋನುಗಳಿಗೂ ಇದಕ್ಕೂ ನಂಟಿದೆ ಅಂತ ಅವರು ಊಹಿಸಿದ್ದರು.

ಈ ಅಳತೆಗೋಲಿನ ಕೆಲವು ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ, ಕೇಳಿ. ಸಾಲ ಆದರೆ ನಿನಗೆ ಚಿಂತೆ ಆಗುತ್ತಾ ಅಂತ ಒಂದು. ಆಗಲ್ಲ ಅಂದರೆ ಸೈಕಾಟಿಸಿಸಂಗೆ ಒಂದು ಅಂಕ. ರಾತ್ರಿ ಮನೆಗೆ ಸರಿಯಾಗಿ ಬೀಗ ಹಾಕುತ್ತೀಯಾ ಅಂತ ಇನ್ನೊಂದು. ಇಲ್ಲ ಅಂದರೆ ಇನ್ನೊಂದು ಅಂಕ. ಜನ ಉಳಿತಾಯ, ವಿಮೆ ಅಂತ ಮುಂದಿನದನ್ನು ಕಾಯ್ದುಕೊಳ್ಳೋದರಲ್ಲೇ ಅತಿಯಾಗಿ ಹೊತ್ತು ಕಳೀತಾರೆ ಅನ್ನಿಸುತ್ತಾ ಅಂತ ಮತ್ತೊಂದು. ಹೌದು ಅಂದರೆ ಅಲ್ಲೂ ಅಂಕ.

ನಮ್ಮ ಅಪ್ಪನನ್ನು ಈ ಹಾಳೆಯ ಮುಂದೆ ಕೂರಿಸಿ ನೋಡಿದೆವು, ಮನಸ್ಸಿನಲ್ಲೇ. ಸಾಲ ಚಿಂತೆ ಆಗುತ್ತಾ? ಅವರಪ್ಪ ಮಾಡಿದ ಸಾಲಕ್ಕೆ ಇವರು ಹತ್ತನೇ ವಯಸ್ಸಿಗೆ ಜೀತಕ್ಕೆ ಹೋದವರು. ಜೀತ ಕಾನೂನಿನಲ್ಲಿ ನಿಂತಿದ್ದು 1976ರಲ್ಲಿ. ನಮ್ಮ ಕಡೆಯ ಹೊಲಗಳಿಗೆ ಆ ಸುದ್ದಿ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಸಾಲ ಅಂದರೆ ಅವರಿಗೆ ಮಳೆ, ಬಿಸಿಲು ಇದ್ದ ಹಾಗೆ. ಅದರ ಬಗ್ಗೆ ಚಿಂತೆ ಮಾಡೋದು ಸಾಲ ಇಲ್ಲದೆಯೂ ಬದುಕಿ ಗೊತ್ತಿರುವವನಿಗೆ ಸಾಧ್ಯ. 'ಅದಕ್ಯಾಕೆ ಚಿಂತೆ ಬಿಡು ಮಗ' ಅಂತಾರೆ. ಒಂದು ಅಂಕ. ಬೀಗ? ನಮ್ಮ ಮನೆಗೆ ಇದ್ದದ್ದು ತಡಿಕೆ ಬಾಗಿಲು. ನಾಯಿ ಬರದ ಹಾಗೆ ಒಂದು ಕಲ್ಲು ಅಡ್ಡ ಇಡುತ್ತಿದ್ದೆವು. ಎರಡು ಅಂಕ. ವಿಮೆ, ಉಳಿತಾಯ? ನಾಳೆ ಕೂಲಿ ಸಿಗುತ್ತೋ ಇಲ್ವೋ ಅನ್ನೋನು ನಕ್ಕುಬಿಡುತ್ತಾನೆ. ಮೂರು ಅಂಕ. ಎಂಟು ಜನಕ್ಕೆ ತನ್ನ ಪಾಲಿನ ಮುದ್ದೆ ಮುರಿದು ಕೊಡುತ್ತಿದ್ದ ಮನುಷ್ಯ ಕಲ್ಲೆದೆಯವನಾಗುವ ದಾರಿಯಲ್ಲಿ ಮೂರು ಹೆಜ್ಜೆ ನಡೆದುಬಿಟ್ಟ. ಇಲ್ಲಿ ಅಳೆದದ್ದು ಮನೆಯ ಬಾಗಿಲನ್ನು. ಬರೆದುಕೊಂಡದ್ದು ಹಾರ್ಮೋನಿನ ಲೆಕ್ಕಕ್ಕೆ.

ಅದೇ ಹಾಳೆಯಲ್ಲಿ ಸುಳ್ಳು ಹೇಳುವವರನ್ನು ಹಿಡಿಯಲು ಅಂತ ಕೆಲವು ಪ್ರಶ್ನೆಗಳಿವೆ. ಬೇರೆಯವರದು ಏನಾದರೂ, ಒಂದು ಗುಂಡುಸೂಜಿಯೋ ಅಂಗಿಯ ಗುಂಡಿಯೋ, ಯಾವತ್ತಾದರೂ ತಗೊಂಡಿದ್ದೀಯಾ ಅಂತ ಕೇಳುತ್ತಾರೆ. ಇಲ್ಲವೇ ಇಲ್ಲ ಅಂದರೆ ಸುಳ್ಳಿನ ಪಟ್ಟಿಗೆ ಒಂದು ಅಂಕ. ಎಲ್ಲರೂ ಯಾವಾಗಲಾದರೂ ತಗೊಂಡೇ ಇರ್ತಾರೆ ಅನ್ನೋದು ಅವರ ಲೆಕ್ಕ. ಇಂಗ್ಲೆಂಡಿನ ಮಧ್ಯಮವರ್ಗದ ಮನುಷ್ಯ ನಕ್ಕು 'ಹೌದು' ಅಂತ ಗುರುತು ಹಾಕಬಹುದು, ಅವನಿಗೆ ಅದರಿಂದ ಆಗೋದೇನೂ ಇಲ್ಲ. ಸೀಮೆಸುಣ್ಣದ ಕತೆ ಹೇಳಿದೆವಲ್ಲ, ಆ ಹುಡುಗನ ಕೈಗೆ ಈ ಹಾಳೆ ಕೊಡಿ. ಮೇಷ್ಟ್ರು ಎದುರಿಗೆ ನಿಂತಿದ್ದಾರೆ. ಅವನು ಏನು ಬರೆಯಬೇಕು? 'ಹೌದು' ಅಂದರೆ ಗಾದೆ ಕಾದಿದೆ, 'ಇಲ್ಲ' ಅಂದರೆ ಸುಳ್ಳುಗಾರ.

ಐಸೆಂಕ್ 1964ರಲ್ಲೇ ಅಪರಾಧ ಮತ್ತು ವ್ಯಕ್ತಿತ್ವದ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಕೆಲವರ ನರವ್ಯವಸ್ಥೆ ಶಿಕ್ಷೆಯಿಂದ ಬೇಗ ಪಾಠ ಕಲಿಯಲ್ಲ, ಅಂಥವರಲ್ಲಿ ಮನಸ್ಸಾಕ್ಷಿ ಬೇರೂರೋದು ತಡ ಅಂತ ಅದರ ತಿರುಳು. ಅವರು ಒಬ್ಬೊಬ್ಬ ವ್ಯಕ್ತಿಯ ಬಗ್ಗೆ ಹೇಳಿದರು, ನಿಜ. ಆದರೆ ಅಪರಾಧ ರಕ್ತದಲ್ಲಿರುತ್ತೆ ಎಂಬ ಮಾತನ್ನು ನಮ್ಮ ನೆಲ ಅದಕ್ಕೂ ಮೊದಲೇ ಕಾನೂನಾಗಿ ಕಂಡಿತ್ತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಇಡೀ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲಮೆಂಟ್ ಅನ್ನೋ ಹೆಸರು ಉಳಿದುಕೊಂಡಿದೆ. 1952ರ ಆಗಸ್ಟ್ 31ರಂದು ಆ ಪಟ್ಟಿ ರದ್ದಾಯಿತು. ಊರಲ್ಲಿ ಕಳ್ಳತನವಾದರೆ ಪೊಲೀಸರು ಮೊದಲು ಯಾರ ಗುಡಿಸಲಿಗೆ ಹೋಗುತ್ತಾರೆ ಅಂತ ಯಾರನ್ನಾದರೂ ಕೇಳಿ ನೋಡಿ.

ಐಸೆಂಕ್ ಸಾಹೇಬರು ವ್ಯಕ್ತಿಯಿಂದ ಗುಂಪಿಗೆ ಹಾರಿದ್ದು 1971ರಲ್ಲಿ. ಅಮೆರಿಕದ ಕರಿಯರಿಗೂ ಬಿಳಿಯರಿಗೂ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಹುಟ್ಟೂ ಒಂದು ಕಾರಣ ಅಂತ ಆ ವರ್ಷ ಪುಸ್ತಕ ಬರೆದರು. ಅದು ಬುದ್ಧಿಯ ಮಾತಾಯಿತು, ಸ್ವಭಾವದ್ದಲ್ಲ ಅನ್ನಬಹುದು. ಹಾರಿದ ರೀತಿ ಮಾತ್ರ ಅದೇ. 1973ರಲ್ಲಿ ಲಂಡನ್ನಿನ ಅರ್ಥಶಾಸ್ತ್ರ ಶಾಲೆಯಲ್ಲಿ ಕೆಲವರು ವೇದಿಕೆಗೆ ನುಗ್ಗಿ ಅವರನ್ನು ಹೊಡೆದರು, ಕನ್ನಡಕ ಒಡೆಯಿತು. ನಮ್ಮ ಗೆಳೆಯರು ಕೆಲವರಿಗೆ ಇದು ಹೆಮ್ಮೆಯ ಕತೆ, ನಮಗಲ್ಲ. ಕನ್ನಡಕ ಒಡೆದದ್ದರಿಂದ ಅವರ ವಾದದ ಒಂದು ಸಾಲೂ ಒಡೆಯಲಿಲ್ಲ.

ವಾದಕ್ಕೆ ಉತ್ತರ ಕೊಟ್ಟವರು ಬೇರೆ. ಅಮೆರಿಕದ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲೇ, ಇದೇ ಜಗಳದಲ್ಲಿ, ಬೀಜದ ಉದಾಹರಣೆಯೊಂದನ್ನು ಕೊಟ್ಟಿದ್ದರು. ಅವರ ಉದಾಹರಣೆಯನ್ನು ನಮ್ಮ ರಾಗಿ ಹೊಲಕ್ಕೆ ತಂದು ಹೇಳುತ್ತೇವೆ. ಒಂದೇ ಚೀಲದ ಬೀಜ. ಒಂದು ಹಿಡಿ ಕೆರೆಗೋಡು ಹರಡಿದ ಮಡಿಗೆ, ಇನ್ನೊಂದು ಹಿಡಿ ಮೊರಡಿಗೆ. ಮಡಿಯೊಳಗೆ ಎಲ್ಲ ಪೈರಿಗೂ ಒಂದೇ ಮಣ್ಣು, ಒಂದೇ ನೀರು. ಆದರೂ ಒಂದು ಎತ್ತರ, ಒಂದು ಗಿಡ್ಡ. ಆ ವ್ಯತ್ಯಾಸ ಬೀಜದ್ದು. ಮೊರಡಿಯಲ್ಲೂ ಹಾಗೇ. ಆದರೆ ಮಡಿಯ ಪೈರೆಲ್ಲ ಸೊಂಟದುದ್ದ, ಮೊರಡಿನದೆಲ್ಲ ಮೊಣಕಾಲುದ್ದ ಅನ್ನೋದು ಪೂರಾ ಮಣ್ಣಿನ ಕೆಲಸ. ಮೊರಡಿನ ರಾಗಿ ಹುಟ್ಟಿನಿಂದಲೇ ಗಿಡ್ಡ ಜಾತಿ ಅಂದರೆ ನಮ್ಮ ಅಪ್ಪ 'ನಿಂಗೇನು ತಲೆ ಕೆಟ್ಟಿದೆಯೇನೋ' ಅಂತಾರೆ.

ಅವಳಿಗಳನ್ನು, ಮನೆಯವರನ್ನು, ದತ್ತುಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ವ್ಯಕ್ತಿತ್ವದ ವ್ಯತ್ಯಾಸಗಳಲ್ಲಿ ಸುಮಾರು ಶೇಕಡಾ 40 ವಂಶವಾಹಿಗಳಿಗೆ ಸೇರಿದ್ದು. ಇದನ್ನು ನಾವು ಅಲ್ಲಗಳೆಯಲ್ಲ. ಆದರೆ ಇದು ಒಂದು ಮಡಿಯೊಳಗಿನ ಲೆಕ್ಕ. ಒಬ್ಬ ಹುಡುಗನನ್ನು ನಿಲ್ಲಿಸಿ, ಇವನ ಸ್ವಭಾವದಲ್ಲಿ ನೂರಕ್ಕೆ ನಲವತ್ತು ಪಾಲು ರಕ್ತ ಅಂತ ಹೇಳುವುದಕ್ಕೆ ಬರುವುದಿಲ್ಲ. ಎರಡು ಹೊಲಗಳನ್ನು ತೂಗುವುದಕ್ಕಂತೂ ಬರುವುದೇ ಇಲ್ಲ.

ವಂಶವಾಹಿಯನ್ನೇ ಕೈಯಲ್ಲಿ ಹಿಡಿದು ತೋರಿಸ್ತೀವಿ ಅಂದವರ ಕತೆ ಇನ್ನೂ ಚಿಕ್ಕದು. ಹೊಸತನ್ನು ಹುಡುಕುವ ಗುಣಕ್ಕೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಕಾರಣ ಅಂತ ರಾಬರ್ಟ್ ಕ್ಲಾನಿಂಜರ್ ಎಂಬ ಮನೋವೈದ್ಯರು 1987ರಲ್ಲಿ ಮಾದರಿ ಕಟ್ಟಿದ್ದರು. 1996ರಲ್ಲಿ ಅದಕ್ಕೆ ತಕ್ಕ ವಂಶವಾಹಿ ಸಿಕ್ಕಿತು ಅಂತ ಸುದ್ದಿಯಾಯಿತು. ಅದೇ ವರ್ಷ ಅಂಜುಬುರುಕತನಕ್ಕೂ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕದ ಕಡೆಯಿಂದ ಒಂದು ವಂಶವಾಹಿ ಸಿಕ್ಕಿತು. ಮುಂದಿನ ದೊಡ್ಡ ಪರೀಕ್ಷೆಗಳಲ್ಲಿ ಆ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ. ಖಿನ್ನತೆಗೆ ಕಾರಣ ಅಂತ ಹೆಸರಾಗಿದ್ದ 18 ವಂಶವಾಹಿಗಳನ್ನು 2019ರಲ್ಲಿ ಲಕ್ಷಾಂತರ ಜನರ ಮಾಹಿತಿಯಲ್ಲಿಟ್ಟು ನೋಡಿದಾಗ, ಕಣ್ಣು ಮುಚ್ಚಿ ಆರಿಸಿದ ವಂಶವಾಹಿಗಳಿಗಿಂತ ಅವು ಹೆಚ್ಚೇನೂ ಹೇಳಲಿಲ್ಲ. ಸಾವಿರಾರು ತುಣುಕುಗಳು, ಒಂದೊಂದರದು ಸಾಸಿವೆಯಷ್ಟು ಪಾಲು ಅನ್ನೋದು ಈಗಿನ ತಿಳಿವಳಿಕೆ.

ಐಸೆಂಕ್ ತೀರಿಕೊಂಡದ್ದು 1997ರಲ್ಲಿ. ಅವರು ಪಾಠ ಹೇಳಿದ ಸಂಸ್ಥೆ ಈಗ ಸೇರಿಕೊಂಡಿರುವ ಲಂಡನ್ನಿನ ಕಿಂಗ್ಸ್ ಕಾಲೇಜೇ 2019ರಲ್ಲಿ ಅವರ ಕೆಲವು ಲೇಖನಗಳ ತನಿಖೆ ಮಾಡಿ, 26 ಲೇಖನಗಳು ನಂಬಲು ಯೋಗ್ಯವಲ್ಲ ಅಂದಿತು. ಅವು ಇಂಥ ಸ್ವಭಾವದವರಿಗೆ ಕ್ಯಾನ್ಸರ್, ಇಂಥವರಿಗೆ ಹೃದ್ರೋಗ ಅಂತ ಹೇಳುತ್ತಿದ್ದ ಲೇಖನಗಳು. ಅವರ ಸಂಶೋಧನೆಗೆ ತಂಬಾಕು ಕಂಪನಿಗಳ ಕಡೆಯಿಂದ ಹಣ ಬಂದಿತ್ತು. ಇದರಲ್ಲಿ ನಮಗೆ ಆಶ್ಚರ್ಯ ಆಗಲಿಲ್ಲ. ಕೆಮ್ಮಿ ಸಾಯುವವನ ಸ್ವಭಾವದಲ್ಲೇ ರೋಗವಿದ್ದರೆ ಬೀಡಿಯ ಧಣಿ ನೆಮ್ಮದಿಯಾಗಿ ಮಲಗಬಹುದು.

ಮತ್ತೆ ಆ ಹಿಂದಿನ ಬೆಂಚಿನ ಮೌನಿ ಹುಡುಗನ ಹತ್ತಿರ ಬರೋಣ. ಅವನ ಬಗ್ಗೆ ನಿಂಬೆಹಣ್ಣಿನ ಪ್ರಯೋಗಕ್ಕಿಂತ ಹೆಚ್ಚು ಹೇಳುವ ಪ್ರಯೋಗವೊಂದು ನಮ್ಮ ದೇಶದಲ್ಲೇ ನಡೆದಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಸುತ್ತುದಾರಿಯ ಒಗಟು ಬಿಡಿಸಲು ಕೊಟ್ಟರು. ಮೇಲ್ಜಾತಿಯವರು 321, ಕೆಳಜಾತಿಯವರು 321. ಬಿಡಿಸಿದ ಒಗಟಿಗೆ ಕಾಸು. ಜಾತಿಯನ್ನು ಹೇಳದಿದ್ದಾಗ ಎರಡೂ ಗುಂಪಿನ ನಡುವೆ ಎದ್ದುಕಾಣುವ ವ್ಯತ್ಯಾಸವಿರಲಿಲ್ಲ. ಹುಡುಗರನ್ನು ಒಟ್ಟಿಗೆ ಕೂರಿಸಿ, ಒಬ್ಬೊಬ್ಬನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಅಂತ ಗಟ್ಟಿಯಾಗಿ ಓದಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಬಿಟ್ಟಿತು. ಇದು ಅಚ್ಚಾದದ್ದು 2006ರಲ್ಲಿ. ವಂಶವಾಹಿ ಬದಲಾಗಿರಲಿಲ್ಲ, ಮಿದುಳಿನ ಬುಡದ ಜಾಲವೂ ಅದೇ ಇತ್ತು. ಹಾಜರಿ ಕೂಗಿದ ರೀತಿಯೊಂದು ಬದಲಾಗಿತ್ತು.

ಅಂಬೇಡ್ಕರ್ ಇದನ್ನು ಪ್ರಯೋಗವಿಲ್ಲದೆಯೇ ಕಂಡಿದ್ದರು. 1936ರಲ್ಲಿ, ಲಾಹೋರಿನ ಸಭೆಗೆಂದು ಬರೆದು ಅಲ್ಲಿ ಓದಲು ಅವಕಾಶ ಸಿಗದೆ ತಾವೇ ಅಚ್ಚು ಹಾಕಿಸಿದ ಜಾತಿ ವಿನಾಶದ ಭಾಷಣದಲ್ಲಿ, ಜಾತಿಗೆ ಜೀವವಿಜ್ಞಾನದ ಬೇಲಿ ಕಟ್ಟುವವರಿಗೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಅದಕ್ಕಿಂತ ನಮಗೆ ಮುಖ್ಯವಾದದ್ದು ಅಲ್ಲಿ ಅವರು ಪ್ಲೇಟೋನನ್ನು ತರಾಟೆಗೆ ತಗೊಳ್ಳುವ ಜಾಗ. ಮನುಷ್ಯರ ಸ್ವಭಾವ ಮೂರು ಬಗೆ, ಆದ್ದರಿಂದ ಸಮಾಜಕ್ಕೂ ಮೂರು ವರ್ಗ ಅಂದಿದ್ದವನು ಪ್ಲೇಟೋ. ಒಬ್ಬೊಬ್ಬ ಮನುಷ್ಯನೂ ತಾನೇ ಒಂದು ವರ್ಗ ಎಂಬಷ್ಟು ವೈವಿಧ್ಯ ಇರುವಾಗ ಕೆಲವೇ ಗೂಡುಗಳಲ್ಲಿ ತುರುಕುವುದು ಸಾಧ್ಯವಿಲ್ಲ ಅಂತ ಬಾಬಾಸಾಹೇಬರು ತೋರಿಸಿದರು. ಸ್ವಭಾವದಿಂದ ಹುಟ್ಟಿದ ಗುಣಕ್ಕೆ ತಕ್ಕಂತೆ ನಾಲ್ಕು ವರ್ಣಗಳಿಗೆ ಕೆಲಸ ಹಂಚಿರುವ ಗೀತೆಯ ಹದಿನೆಂಟನೇ ಅಧ್ಯಾಯಕ್ಕೂ ಅದೇ ಉತ್ತರ ಸಾಕು. ಐಸೆಂಕ್ ತಮ್ಮದು ಗೂಡಲ್ಲ, ಅಳತೆಗೋಲು, ಹೆಚ್ಚಿನ ಜನ ನಡುವೆ ಎಲ್ಲೋ ಬೀಳ್ತಾರೆ ಅಂತಲೇ ಹೇಳಿದ್ದರು. ನಮ್ಮ ಶಾಲೆಗೆ ಬರುವ ಹೊತ್ತಿಗೆ ಅಳತೆಗೋಲು ಗೂಡಾಗಿದೆ. ಅದು ಅವರೊಬ್ಬರ ತಪ್ಪಲ್ಲ, ಗೂಡು ಕಟ್ಟುವ ಕೈಗಳು ಇಲ್ಲಿ ಮೊದಲೇ ಇದ್ದವು.

ಕಳೆದ ತಿಂಗಳು ಗೆಳೆಯನೊಬ್ಬ ಆ ಹುಡುಗನ ಮನೆಗೆ ನಮ್ಮನ್ನು ಕರೆದುಕೊಂಡು ಹೋಗಿದ್ದ. ಕ್ಲಾಸಿನಲ್ಲಿ ಬಾಯಿ ಬಿಡದವನು ಮೇಕೆಗೆ ಸೊಪ್ಪು ಹಾಕುತ್ತಾ, ಒಂದೊಂದು ಮೇಷ್ಟ್ರು ಹೇಗೆ ನಡೀತಾರೆ, ಹೇಗೆ ಕೆಮ್ಮುತ್ತಾರೆ ಅಂತ ಮಾಡಿ ತೋರಿಸಿದ. ನಮ್ಮ ಗೆಳೆಯನದ್ದೂ ಮಾಡಿದ. ಗೆಳೆಯ ನಗುತ್ತಾ ಜೇಬಿನಿಂದ ಹಾಳೆ ತೆಗೆದ, ನೋಡಿದ, ಮಡಿಚಿ ಒಳಗಿಟ್ಟ.

ಈ ಪತ್ರಿಕೆ ಓದುವ ಮೇಷ್ಟರುಗಳಲ್ಲಿ ಒಂದು ಕೇಳಿಕೆ ಇದೆ. ನಿಮ್ಮ ಶಾಲೆಯಲ್ಲಿ ಇಂಥ ಪ್ರಶ್ನಾವಳಿ ಕೊಟ್ಟಿದ್ದರೆ, ಮಕ್ಕಳ ಹೆಸರು ಬಿಟ್ಟು, ಸಾಲದ ಪ್ರಶ್ನೆಗೆ, ಬೀಗದ ಪ್ರಶ್ನೆಗೆ, ಗುಂಡುಸೂಜಿಯ ಪ್ರಶ್ನೆಗೆ ಅವರು ಏನು ಉತ್ತರ ಕೊಟ್ಟರು, ಅವರ ಮನೆಗೆ ಬಾಗಿಲಿದೆಯೋ ಇಲ್ಲವೋ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಬೇಕು.